ತಪ್ಪಮ್ಮನ ಕೋಣೆಗೆ ಬಂದ ಉದ್ದ ಕಪ್

ಬಿಸಿನೀರು ಸುರಿದರೆ ಸಿದ್ಧವಾಗುವ ನೂಡಲ್ಸ್, ಅಂದರೆ ರಾಮೆನ್, ತಯಾರಿಸುವ ಆ ಕಾರ್ಖಾನೆಯಲ್ಲಿ ಮುನ್ನೂರು ಜನ ಸರಿಯಾಗಿ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಮಾತ್ರ ತಪ್ಪು ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದರು. ಆ ಒಬ್ಬರು ಈ ಕಥೆಯ ಸೊಸೆಯ ಅತ್ತೆ.

ಪ್ಯಾಕಿಂಗ್ ವಿಭಾಗದ ಹಿಂದೆ, ಖಾಲಿ ರಟ್ಟಿನ ಡಬ್ಬಗಳ ಗುಡ್ಡೆ ದಾಟಿ ಹೋದರೆ ಅತ್ತೆಯ ಅಡುಗೆ ಕೋಣೆ. ಒಂದು ಒಲೆ, ಎರಡು ಕೆಟಲ್, ಅದರಲ್ಲೊಂದಕ್ಕೆ ಮುಚ್ಚಳವಿಲ್ಲ. ತಳ ಸೊಟ್ಟಗಾದ ಪಾತ್ರೆ, ಹಿಡಿ ಅಲ್ಲಾಡುವ ಸೌಟು, ಒಂದು ಕಾಲು ಗಿಡ್ಡವಾದ ಮೇಜು. ಹೊಸದಾಗಿ ಸೇರಿದ ಬಡಗಿಯೊಬ್ಬ ಆ ಮೇಜಿನ ಕಾಲಿಗೆ ಮರದ ತುಂಡು ಬಡಿಯಲು ಬಂದಾಗ ಅತ್ತೆ ಸೌಟು ಹಿಡಿದೇ ಅಡ್ಡ ನಿಂತಿದ್ದರಂತೆ. "ಅದರ ತಂಟೆಗೆ ಬರಬೇಡಪ್ಪ. ಈ ಕೋಣೇಲಿ ನೆಟ್ಟಗಿರೋದು ಅಂದ್ರೆ ನನ್ನ ಬೆನ್ನು ಒಂದೇ ಸಾಕು."

ಹೊಸ ರಾಮೆನ್ ಯಾವುದೇ ಇರಲಿ, ಅಂಗಡಿ ಸೇರುವ ಮೊದಲು ಒಂದು ವಾರ ಆ ಕೋಣೆಯಲ್ಲಿ ವಾಸ ಮಾಡಬೇಕು. ಜನ ತಮ್ಮ ತಮ್ಮ ಮನೆಯಲ್ಲಿ ಏನೇನು ಎಡವಟ್ಟು ಮಾಡಿಕೊಳ್ಳುತ್ತಾರೋ ಅದನ್ನೆಲ್ಲ ಅತ್ತೆ ಮುಂಚಿತವಾಗಿ ಮಾಡಿ ನೋಡಬೇಕು. ನೀರು ಕಡಿಮೆ ಹಾಕುವುದು, ತಣ್ಣೀರು ಹಾಕಿ ಕಾಯುವುದು, ಒಲೆಯ ಮೇಲಿಟ್ಟು ಫೋನಿನಲ್ಲಿ ಮುಕ್ಕಾಲು ಗಂಟೆ ಹರಟುವುದು, ಮಸಾಲೆಯ ಪೊಟ್ಟಣವನ್ನು ಹರಿಯದೆ ಇಡಿಯಾಗಿ ಬೇಯಿಸಿಬಿಡುವುದು. ಒಂದೊಂದು ತಪ್ಪಿನ ಫಲವನ್ನೂ ಅವರು ನೀಲಿ ರಟ್ಟಿನ ಪುಸ್ತಕದಲ್ಲಿ ಗುಂಡುಗುಂಡಗೆ ಬರೆಯುತ್ತಿದ್ದರು. ಕಾರ್ಖಾನೆಯವರು ಪ್ರೀತಿಯಿಂದಲೋ ತಮಾಷೆಗೋ ಅವರನ್ನು ತಪ್ಪಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಹೆಸರು.

ಮೊದಲು ಅವರು ಪ್ಯಾಕಿಂಗ್ ಸಾಲಿನಲ್ಲಿ ನಿಲ್ಲುತ್ತಿದ್ದವರು. ಒಂದು ದಿನ ಊಟದ ಹೊತ್ತಿನಲ್ಲಿ ಮೇಲಿನ ಅಧಿಕಾರಿಯೊಬ್ಬರು ಬಂದು ಎಲ್ಲರನ್ನೂ ರಾಮೆನ್ ಹೇಗಿದೆ ಎಂದು ಕೇಳಿದರು. ಎಲ್ಲರೂ ಚೆನ್ನಾಗಿದೆ ಸರ್ ಎಂದರು. ಅತ್ತೆ ಮಾತ್ರ, "ಮಸಾಲೆ ಪೊಟ್ಟಣ ನೂಡಲ್ಸಿನ ಕೆಳಗೆ ಅಡಗಿ ಕೂತಿರುತ್ತೆ ಸರ್. ನಮ್ಮ ಓಣಿಯಲ್ಲಿ ನಾಲ್ಕು ಜನ ಅದನ್ನೂ ಸೇರಿಸಿ ಬೇಯಿಸಿದ್ದಾರೆ, ಅದರಲ್ಲಿ ನಾನೂ ಒಬ್ಬಳು" ಎಂದುಬಿಟ್ಟರು. ಮುಂದಿನ ತಿಂಗಳಿಂದ ಪೊಟ್ಟಣ ನೂಡಲ್ಸಿನ ಮೇಲೆ ಬಂತು, ಅತ್ತೆ ಆ ಕೋಣೆಗೆ ಬಂದರು.

ತಪ್ಪುಗಳನ್ನು ಹೆಕ್ಕುವುದು ಸುಲಭದ ಕೆಲಸವಲ್ಲ. ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಒಂದೇ, "ಪ್ಯಾಕೆಟ್ ಮೇಲೆ ಬರೆದಿರೋ ಹಾಗೇ ಮಾಡ್ತೀವಿ." ಆಗ ಅತ್ತೆ ಮೆತ್ತಗೆ, "ನಾನಂತೂ ನೀರು ಅಳೆಯೋದೇ ಇಲ್ಲಪ್ಪ" ಎನ್ನುತ್ತಿದ್ದರು. ಅಷ್ಟು ಸಾಕು, ಎದುರಿಗಿದ್ದವರ ಕಟ್ಟೆ ಒಡೆಯುತ್ತಿತ್ತು. ಮೂಲೆ ಅಂಗಡಿಯ ಕ್ಷೌರಿಕ ಗಡ್ಡಕ್ಕೆ ಕಾಯಿಸಿದ ನೀರಿನಲ್ಲೇ ತನ್ನ ಮಧ್ಯಾಹ್ನ ಮುಗಿಸುತ್ತಿದ್ದ. ಹಾಸ್ಟೆಲ್ ಹುಡುಗಿಯರು ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗು ನಿಲ್ಲಿಸಿ ಅದರ ಮೇಲೆ ತಟ್ಟೆ ಇಟ್ಟು ಬೇಯಿಸುತ್ತಿದ್ದರು. ಸಂಗೀತದ ಮೇಷ್ಟ್ರೊಬ್ಬರು ನೂಡಲ್ಸನ್ನು ಹಸಿಯಾಗಿಯೇ ಪುಡಿಮಾಡಿ ಜೇಬಿನಲ್ಲಿಟ್ಟುಕೊಂಡು ಪಾಠದ ಮಧ್ಯೆ ಮೆಲ್ಲುತ್ತಿದ್ದರು. ಅತ್ತೆ ಯಾರನ್ನೂ ನೋಡಿ ನಗಲಿಲ್ಲ. ಹಸಿ ತಿನ್ನುವವರ ಹಲ್ಲಿಗೆ ತೊಂದರೆಯಾದೀತೆಂದು ನೂಡಲ್ಸ್ ಸ್ವಲ್ಪ ಗರಿಗರಿಯಾಗುವ ಹಾಗೆ ಮಾಡಿಸಿದರು. "ಜನ ತಪ್ಪು ಮಾಡಲ್ಲ, ಅವಸರ ಮಾಡ್ತಾರೆ. ಅವಸರಕ್ಕೆ ಹೊಂದಿಕೊಳ್ಳದ ತಿಂಡಿ ತಿಂಡಿಯೇ ಅಲ್ಲ" ಎಂಬುದು ಅವರ ಸಿದ್ಧಾಂತ.

ಇಂಥ ಅತ್ತೆಯ ಮನೆಗೆ ಬಂದ ಸೊಸೆ ಹುಟ್ಟು ಪುಕ್ಕಲಿ. ಅವಳೂ ಅದೇ ಕಾರ್ಖಾನೆಯವಳು, ಮಹಡಿಯ ಮೇಲಿನ ವಿನ್ಯಾಸ ವಿಭಾಗದಲ್ಲಿ ಪ್ಯಾಕೆಟ್ಟುಗಳ, ಕಪ್ಪುಗಳ ಚಿತ್ರ ಬರೆಯುವವಳು. ಮಗಳು ಹುಟ್ಟಿದ ಮೇಲೆ ಅವಳ ಗಾಬರಿಗೆ ಕಾಲು ಮಾತ್ರವಲ್ಲ, ರೆಕ್ಕೆಯೂ ಬಂದಿತ್ತು. ಸ್ನಾನದ ನೀರನ್ನು ಮೂರು ಸಲ ಮೊಣಕೈಯಿಂದ ಮುಟ್ಟಿ ನೋಡುವಳು. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದ್ದಳು. ಮಗು ನಿದ್ದೆಯಲ್ಲಿ ಸದ್ದು ಮಾಡಿದರೆ ಯಾಕೆ ಮಾಡಿತೆಂದು, ಮಾಡದಿದ್ದರೆ ಯಾಕೆ ಮಾಡಲಿಲ್ಲವೆಂದು ಎದ್ದು ನೋಡುವಳು. ಫೋನಿನಲ್ಲಿ ಡಾಕ್ಟರಿಂದ ಹಿಡಿದು ಕಾರ್ಖಾನೆಯ ದೊಡ್ಡ ಸಾಹೇಬರವರೆಗೆ ಎಲ್ಲರ ನಂಬರೂ ಇತ್ತು, ಯಾವ ಹೊತ್ತಿಗೆ ಯಾರು ಬೇಕಾಗುತ್ತಾರೋ ಯಾರಿಗೆ ಗೊತ್ತು. ಅಡುಗೆಮನೆಯ ಡ್ರಾಯರುಗಳಿಗೆ ಅವಳು ಹಾಕಿದ ಚಿಲಕವನ್ನು ಮೂರು ವರ್ಷದ ಪುಟ್ಟಿ ಒಂದೇ ವಾರದಲ್ಲಿ ತೆಗೆಯಲು ಕಲಿತಳು, ಅತ್ತೆಗೆ ಇನ್ನೂ ಬರಲಿಲ್ಲ.

"ಪುಟ್ಟೀ, ಬಾರೇ ಇಲ್ಲಿ, ಅಜ್ಜಿಗೆ ಒಂದು ಚಮಚ ತೆಗೆದುಕೊಡು" ಎಂದು ಅತ್ತೆ ಕೂಗುವರು. "ನಿಮ್ಮಮ್ಮ ನನ್ನನ್ನ ಹೊರಗೆ ಹಾಕಿ ಬೀಗ ಜಡಿದಿದ್ದಾಳೆ."

ಮಗುವಿಗಾಗಿ ಎರಡು ವರ್ಷ ಕೆಲಸದಿಂದ ದೂರವಿದ್ದು ವಾಪಸ್ಸು ಬಂದಾಗ ಸೊಸೆಗೆ ತನ್ನ ಜಾಗವೇ ಸಿಗಲಿಲ್ಲ. ಕಿಟಕಿಯ ಪಕ್ಕದ ಅವಳ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ, ಅವಳಿಗೆ ಕಿಟಕಿಯಿಲ್ಲದ ಕಡೆ ಜಾಗ ಕೊಟ್ಟಿದ್ದರು. ಹೊಸ ಕೆಲಸವೊಂದನ್ನು ಮಾಡಿ ತೋರಿಸದೆ ಹೋದರೆ ಅಲ್ಲೇ ಉಳಿದುಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಒಂದೂವರೆ ವರ್ಷ ಹಳೆಯ ಪ್ಯಾಕೆಟ್ಟುಗಳಿಗೆ ಬಣ್ಣ ತಿದ್ದುತ್ತಾ ಅವಳು ಅವಕಾಶಕ್ಕೆ ಕಾದಳು.

ಅವಕಾಶ ಟಿವಿಯಿಂದ ಬಂತು. ರಾಮೆನ್ ಆ ಹೊತ್ತಿಗೆ ಬರೀ ಹಸಿವಿನ ವಿಷಯವಾಗಿ ಉಳಿದಿರಲಿಲ್ಲ. ಕಾರ್ಟೂನಿನ ವೀರರು ಯುದ್ಧದ ಮಧ್ಯೆ ರಾಮೆನ್ ಹೀರುತ್ತಿದ್ದರು. ಫೋನಿನಲ್ಲಿ ಹುಡುಗರು ಖಾರದ ರಾಮೆನ್ ತಿಂದು ಕಣ್ಣು ಮೂಗು ಸುರಿಸಿಕೊಂಡು ಮೆಚ್ಚುಗೆ ಗಿಟ್ಟಿಸುತ್ತಿದ್ದರು. ಎಲ್ಲರೂ ನೋಡುತ್ತಿದ್ದ ಧಾರಾವಾಹಿಯೊಂದರಲ್ಲಿ ನಾಯಕಿ ಮನಸ್ಸು ಮುರಿದಾಗಲೆಲ್ಲ ಹೂದಾನಿಯಂಥ ಉದ್ದನೆಯ ಕಪ್ ಹಿಡಿದು, ಹಬೆಯಲ್ಲಿ ಮುಖ ಮರೆಮಾಡಿಕೊಂಡು ಬೀದಿಯುದ್ದಕ್ಕೂ ನಡೆಯುತ್ತಿದ್ದಳು.

"ಅಳೋಕೆ ರಾಮೆನ್ ಯಾಕಮ್ಮ ಬೇಕು? ಈರುಳ್ಳಿ ಸಾಕಲ್ಲ" ಎಂದು ಅತ್ತೆ ಟಿವಿಯ ಕಡೆ ನೋಡಿ ಹೇಳಿದ್ದರು.

ಆದರೆ ಸೊಸೆಗೆ ಆ ಕಪ್ ಕಣ್ಣಿಗೆ ಕಟ್ಟಿತು. ಎರಡು ತಿಂಗಳು ಬರೆದು, ಅಳಿಸಿ, ಮತ್ತೆ ಬರೆದಳು. ಗೇಣುದ್ದದ ತೆಳ್ಳನೆಯ ಕಪ್, ಕಡು ನೀಲಿ, ಬುಡದಿಂದ ಮೇಲಕ್ಕೆ ಸುರುಳಿಯಾಗಿ ಏರುವ ಬಿಳಿ ಹಬೆಯ ಚಿತ್ರ. ಮಾದರಿ ಬಂದ ದಿನ ಇಡೀ ಮಹಡಿ ಅವಳ ಮೇಜಿನ ಸುತ್ತ ನೆರೆಯಿತು. ಅವಳ ಹಳೆಯ ಕುರ್ಚಿಯಲ್ಲಿ ಕೂತವನೂ ಎದ್ದು ಬಂದು ಚೆನ್ನಾಗಿದೆ ಎಂದ. ದೊಡ್ಡ ಸಾಹೇಬರು ಮುಂದಿನ ಶುಕ್ರವಾರ ಸಹಿ ಹಾಕುತ್ತೇನೆ, ಅಚ್ಚು ಮಾಡಲು ಕಳಿಸೋಣ ಎಂದರು. ಅವಳು ಮಾದರಿಗಳನ್ನು ಎದೆಗವುಚಿಕೊಂಡು ಕೆಳಗಿಳಿದು ಅತ್ತೆಯ ಕೋಣೆಯಲ್ಲಿ ಇಟ್ಟು ಬಂದಳು. ಒಂದು ವಾರದ ವಾಸ ಎಲ್ಲರಿಗೂ ಕಡ್ಡಾಯ, ಸೊಸೆಯ ಕಪ್ಪಿಗೂ.

ಮೊದಲ ದಿನ ಸಂಜೆ ಅತ್ತೆ ಏನೂ ಹೇಳಲಿಲ್ಲ. ಎರಡನೆಯ ದಿನವೂ ಇಲ್ಲ. ದಿನಾ ಕೆಲಸದಿಂದ ಬಂದವರೇ ಅಂದಿನ ಎಡವಟ್ಟುಗಳನ್ನು ಅಭಿನಯಿಸಿ ತೋರಿಸುತ್ತಿದ್ದವರು ಬಾಯಿಗೆ ಬೀಗ ಹಾಕಿಕೊಂಡಂತೆ ಬಟ್ಟೆ ಮಡಚುತ್ತಾ ಕೂತರು. ಮೂರನೆಯ ದಿನ ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ನನ್ನ ಕಪ್ ಹೇಗಿದೆ?"

ಅತ್ತೆ ಕೈಯಲ್ಲಿದ್ದ ಟವೆಲ್ಲನ್ನು ಪೂರ್ತಿ ಮಡಚಿ ಇಟ್ಟರು. "ಬೀಳುತ್ತಮ್ಮ."

"ಏನು ಬೀಳುತ್ತೆ?"

"ಕಪ್. ಮೇಲೆ ಭಾರ, ಬುಡ ಸಣ್ಣ. ಮುಟ್ಟಿದ್ರೆ ಬೀಳುತ್ತೆ."

"ನೀವು ಬೇಕು ಅಂತ ಬೀಳಿಸಿದ್ರೆ ಯಾವುದು ತಾನೇ ಬೀಳಲ್ಲ?" ಸೊಸೆಯ ದನಿ ಏರಿತು. "ಟೇಬಲ್ ಸೊಟ್ಟ, ಕೆಟಲ್ ಸೊಟ್ಟ. ಆ ಕೋಣೇಲಿ ಆನೆ ನಿಲ್ಲಿಸಿದ್ರೂ ಬೀಳುತ್ತೆ. ಹೊರಗಿನವರು ಹೊಗಳ್ತಾರೆ, ಮನೆಯವರಿಗೇ ಕಾಣಲ್ಲ."

ಪಕ್ಕದಲ್ಲಿ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದ ಅವಳ ಗಂಡ, ಶಾಲೆಯ ಮೇಷ್ಟ್ರು, ಪೆನ್ನು ಮುಚ್ಚಿ ಸದ್ದಿಲ್ಲದೆ ಬಾಲ್ಕನಿಗೆ ನಡೆದ. ತಾಯಿ ಹೆಂಡತಿಯರ ಲೆಕ್ಕದಲ್ಲಿ ಕೈ ಹಾಕಿದವನಿಗೆ ಶೇಷವಾಗಿ ಉಳಿಯುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆಗೆ ಕೋಪ ಬರಲಿಲ್ಲ. "ಬೇರೆ ಯಾರ ಕಪ್ ಆಗಿದ್ರೂ ಮೊದಲನೇ ದಿನಾನೇ ಬರೆದುಬಿಡ್ತಿದ್ದೆ" ಎಂದರು. "ನಿನ್ನದು ಅಂತ ಎರಡು ದಿನ ಅದು ಬೀಳದ ಹಾಗೆ ಏನಾದ್ರೂ ದಾರಿ ಇದೆಯಾ ಅಂತ ಹುಡುಕಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ನಿಜವಾದ ತಪ್ಪು ಅಂದ್ರೆ ಅದೊಂದೇ. ಇವತ್ತು ಬರೆದೆ."

ಸೊಸೆ ಅಂದು ಊಟಕ್ಕೆ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಅವಳದು ಹೆಗ್ಗಣವೂ ಆಗಿರಲಿಲ್ಲ, ನೀಲಿ ಹೂದಾನಿಯಂತಿದ್ದ ಕಪ್.

ಮರುದಿನ ಬೆಳಿಗ್ಗೆ ತಾನೇ ಪರೀಕ್ಷೆ ಮಾಡಿ ಅತ್ತೆಗೆ ತೋರಿಸಬೇಕೆಂದು ಅವಳು ಮನೆಗೆ ತಂದಿದ್ದ ಒಂದು ಮಾದರಿಗೆ ತಣ್ಣೀರು ತುಂಬಿ ಊಟದ ಮೇಜಿನ ಮಧ್ಯೆ ಇಟ್ಟಳು. ಕಂಬದ ಹಾಗೆ ನಿಂತಿತು. ಮೇಜನ್ನು ಅಲ್ಲಾಡಿಸಿದಳು. ನಿಂತಿತು. ಅತ್ತೆಯನ್ನು ಕೂಗಿ ಕರೆಯೋಣವೆಂದು ಆಚೆ ತಿರುಗುವಷ್ಟರಲ್ಲಿ ಪುಟ್ಟಿ ಕುರ್ಚಿ ಹತ್ತಿದ್ದಳು. ನೀಲಿ ಕಪ್ಪಿನ ಮೇಲೆ ಬರೆದ ಬಿಳಿ ಹಬೆ ಏರುವುದನ್ನು ಕಂಡು ಯಾವ ಮಗು ತಾನೇ ಕೈ ಚಾಚದೆ ಇರುತ್ತದೆ? ಒಂದೇ ಒಂದು ಬೆರಳು ಅಂಚಿಗೆ ತಾಗಿತು. ಅಷ್ಟೂ ನೀರು ಮಗುವಿನ ಎದೆಯಿಂದ ಮಂಡಿಯವರೆಗೆ ಸುರಿಯಿತು.

ಪುಟ್ಟಿ ಯಾರೋ ಕಚಗುಳಿ ಇಟ್ಟಂತೆ ನಕ್ಕಳು. ಸೊಸೆ ನಗಲಿಲ್ಲ. ಒದ್ದೆ ಫ್ರಾಕನ್ನು ತೆಗೆದು, ತಣ್ಣಗಿದ್ದ ಎದೆಯನ್ನು, ಹೊಟ್ಟೆಯನ್ನು, ತೊಡೆಯನ್ನು ಅಂಗೈಯಿಂದ ಸವರಿ ಸವರಿ ನೋಡಿದಳು. ಅದು ಕುದಿನೀರಾಗಿದ್ದರೆ ಎಂಬ ಯೋಚನೆಯನ್ನು ಅವಳ ತಲೆ ಪೂರ್ತಿ ಮಾಡಲು ಒಪ್ಪಲಿಲ್ಲ. ಬಾಗಿಲಲ್ಲಿ ಅತ್ತೆ ಒಣ ಟವೆಲ್ ಹಿಡಿದು ನಿಂತಿದ್ದರು. ಟವೆಲ್ ಕೊಟ್ಟು ನೆಲ ಒರೆಸಲು ಬಗ್ಗಿದರು.

"ಶುಕ್ರವಾರ ಹೇಳ್ತೀರಾ ಅತ್ತೆ?" ಎಂದು ಮಗುವಿಗೆ ಒಣ ಫ್ರಾಕ್ ತೊಡಿಸುತ್ತಾ ಅವಳು ಕೇಳಿದಳು.

"ಹೇಳ್ತೀನಿ. ನನ್ನ ಕೆಲಸ ಅಲ್ವೇನಮ್ಮ. ಆದರೆ ಅವರಿಗೆ ಕಪ್ ಹುಚ್ಚು ಹಿಡಿದಿದೆ. ನನ್ನ ಮಾತು ನಡೆಯುತ್ತೆ ಅಂತ ಖಾತ್ರಿ ಇಲ್ಲ."

ಶುಕ್ರವಾರ ಮೇಲಿನ ಸಭೆಯ ಕೋಣೆಯಲ್ಲಿ ದೊಡ್ಡ ಸಾಹೇಬರು, ಸೊಸೆ ಸೇರಿ ಆರು ಜನ ತಿನ್ನುವವರು, ಪಕ್ಕದಲ್ಲಿ ಅತ್ತೆ. ಭಾರದ ಕಲ್ಲುಹಾಸಿನ ಮೇಜು, ನೆಟ್ಟಗಿನ ಕುರ್ಚಿಗಳು. ಪ್ರತಿಯೊಬ್ಬರ ಮುಂದೆಯೂ ಒಂದು ನೀಲಿ ಕಪ್, ಗೆರೆಯವರೆಗೆ ಅಳೆದು ಹಾಕಿದ ಬಿಸಿನೀರು, ಮೂರು ನಿಮಿಷಕ್ಕೆ ಇಟ್ಟ ಗಡಿಯಾರ. ಎಲ್ಲರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಕಪ್ಪಿನ ಬುಡವನ್ನು ಎಡಗೈಯಲ್ಲಿ ಹಿಡಿದು ಅಚ್ಚುಕಟ್ಟಾಗಿ ತಿಂದರು. ಒಂದು ಹನಿಯೂ ಚೆಲ್ಲಲಿಲ್ಲ.

ಅತ್ತೆ ನೀಲಿ ರಟ್ಟಿನ ಪುಸ್ತಕ ತೆರೆದು ಓದಿದರು. ಐವತ್ತು ಸಲ ಇಟ್ಟಾಗ ಹತ್ತೊಂಬತ್ತು ಸಲ ಬಿದ್ದಿದೆ. ಮಕ್ಕಳ ಕೈಗೆ ಸಿಕ್ಕರೆ ಅಪಾಯ. ಈ ಕಪ್ ಬೇಡ.

ದೊಡ್ಡ ಸಾಹೇಬರು ಬಾಯಿ ಒರೆಸಿಕೊಂಡು ನಕ್ಕರು. "ತಪ್ಪಮ್ಮ, ಬೀಳಿಸೋದರಲ್ಲಿ ನಿಮ್ಮನ್ನ ಮೀರಿಸೋರು ಯಾರೂ ಇಲ್ಲ ಬಿಡಿ. ನಾವು ಆರು ಜನ ತಿಂದೆವಲ್ಲ, ಯಾರದಾದ್ರೂ ಬಿತ್ತಾ?" ಎಲ್ಲರೂ ನಕ್ಕರು. ಅತ್ತೆ ಮಾತ್ರ ಪುಸ್ತಕ ಮುಚ್ಚದೆ ನಿಂತೇ ಇದ್ದರು. ಸಾಹೇಬರ ಪೆನ್ನು ಕಾಗದದ ಕಡೆ ಹೊರಟಿತ್ತು.

ಸೊಸೆ ಸುಮ್ಮನಿದ್ದರೆ ಸಾಕಿತ್ತು, ಕಿಟಕಿಯ ಪಕ್ಕದ ಕುರ್ಚಿ ಅವಳದೇ. ತಾನು ಎದ್ದು ನಿಂತಿದ್ದು ಅವಳಿಗೇ ಆಮೇಲೆ ತಿಳಿಯಿತು.

"ಸರ್, ನಾವೆಲ್ಲ ಸರಿಯಾಗಿ ತಿಂದ್ವಿ. ಅದೇ ನಮ್ಮ ತಪ್ಪು. ರಾಮೆನ್ನನ್ನ ಹೀಗೆ ಯಾರೂ ತಿನ್ನಲ್ಲ. ಸಹಿ ಹಾಕೋಕೆ ಮುಂಚೆ ಒಂದೇ ಒಂದು ಸಲ ಅತ್ತೆಯ ಕೋಣೇಲಿ ತಿನ್ನಿ ಸರ್."

ಕಪ್ ಬರೆದವಳೇ ಹೀಗೆ ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಸಾಹೇಬರು ಡಬ್ಬಗಳ ಗುಡ್ಡೆ ದಾಟಿಕೊಂಡು ಕೆಳಗೆ ಬಂದರು, ಹಿಂದೆ ಉಳಿದವರೂ ಬಂದರು. ಅತ್ತೆ ಅವರನ್ನು ಗಿಡ್ಡ ಕಾಲಿನ ಮೇಜಿನ ಮುಂದೆ ಕೂರಿಸಿ, ಮುಚ್ಚಳವಿಲ್ಲದ ಕೆಟಲ್‌ನಿಂದ ಕಪ್ಪಿಗೆ ನೀರು ಸುರಿದು, ಪಕ್ಕದಲ್ಲಿ ಒಂದು ವೃತ್ತಪತ್ರಿಕೆ ಬಿಡಿಸಿಟ್ಟರು.

"ಇದ್ಯಾಕೆ?"

"ಮನೇಲಿ ತಿನ್ನುವಾಗ ಓದ್ತೀರಲ್ಲ ಸರ್?"

ಓದುತ್ತಾರೆಂದು ಅವರ ಮುಖವೇ ಹೇಳಿತು. ಕಪ್ಪಿನ ಮುಚ್ಚಳ ಮುಚ್ಚಿ ಮೂರು ನಿಮಿಷ ಕಾಯುತ್ತಾ ಪತ್ರಿಕೆಯ ಕ್ರೀಡಾಪುಟಕ್ಕೆ ಬಗ್ಗಿದರು. ಬಾಗಿಲ ಬಳಿ ನಿಂತಿದ್ದ ಸೊಸೆಯ ಕೈ ಫೋನಿನೊಂದಿಗೆ ಬೆನ್ನ ಹಿಂದೆ ಹೋಯಿತು. ಎಲ್ಲರ ನಂಬರನ್ನೂ ಇಟ್ಟುಕೊಳ್ಳುವ ಅವಳ ಗಾಬರಿ ಅಂದು ಮೊದಲ ಸಲ ಉಪಯೋಗಕ್ಕೆ ಬಂತು. ಬೆರಳು ಒಂದು ಕ್ಷಣ ನಿಂತಿತು. ಎರಡು ತಿಂಗಳ ಕೆಲಸ ಆ ಮೇಜಿನ ಮೇಲೆ ನಿಂತಿತ್ತು. ಅವಳು ಒತ್ತಿದಳು.

ಸಾಹೇಬರ ಜೇಬಿನಲ್ಲಿ ಫೋನು ಹಾಡಿತು. ಅವರು ಪತ್ರಿಕೆಯಿಂದ ಕಣ್ಣೆತ್ತದೆ ಜೇಬಿಗೆ ಕೈ ಹಾಕಿದರು, ಮೊಣಕೈ ಮೇಜಿಗೆ ತಾಗಿತು, ಗಿಡ್ಡ ಕಾಲು ಟಕ್ ಎಂದಿತು, ನೀಲಿ ಕಪ್ ಯಾರೋ ಕರೆದಂತೆ ನೇರ ಅವರ ಮಡಿಲಿಗೆ ಇಳಿಯಿತು.

ಅವರು ಕುರ್ಚಿಯನ್ನೂ ಕೆಡವಿ ಎದ್ದ ರಭಸಕ್ಕೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಪ್ಯಾಂಟಿನ ಮೇಲಿಂದ ನೂಡಲ್ಸ್ ಬಳುಕುತ್ತಾ ಜಾರುತ್ತಿತ್ತು. ಆದರೆ ಸಾಹೇಬರು ಕೂಗಲಿಲ್ಲ. ಅನುಮಾನದಿಂದ ತಮ್ಮ ತೊಡೆಯನ್ನೇ ಮುಟ್ಟಿ ನೋಡಿಕೊಂಡರು.

"ಉಗುರು ಬೆಚ್ಚಗಿನ ನೀರು ಸರ್" ಎಂದರು ಅತ್ತೆ. "ಈ ಕೋಣೇಲಿ ಬೀಳೋದಕ್ಕೆಲ್ಲ ನಾನು ಅದನ್ನೇ ಹಾಕೋದು, ನನ್ನ ಸೊಸೆಗೂ ಗೊತ್ತು. ಅಂಗಡಿಯಿಂದ ಕೊಂಡೋರು ಕುದಿಯೋ ನೀರು ಹಾಕ್ತಾರೆ. ಅವರ ಮಡಿಲಲ್ಲಿ ಮಗು ಕೂತಿರುತ್ತೆ."

ಸಾಹೇಬರು ಒಂದು ಎಳೆ ನೂಡಲ್ಸನ್ನು ಬೆಲ್ಟಿನಿಂದ ಬಿಡಿಸಿ ಮೇಜಿನ ಮೇಲಿಟ್ಟರು.

"ಫೋನ್ ಮಾಡಿದ್ದು ಯಾರು?"

"ನಾನು ಸರ್" ಎಂದಳು ಸೊಸೆ. ಫೋನನ್ನು ಬೆನ್ನ ಹಿಂದಿನಿಂದ ಮುಂದೆ ತಂದಳು.

"ಕಪ್ ಬರೆದದ್ದು?"

"ಅದೂ ನಾನೇ."

ಅವರು ಅತ್ತೆಯ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ತಮ್ಮ ಪ್ಯಾಂಟು ನೋಡಿಕೊಂಡರು. "ಒಂದೇ ಮನೆಯಿಂದ ಇಬ್ಬರನ್ನ ಕೆಲಸಕ್ಕೆ ತಗೋಬಾರದು ಅಂತ ನಮ್ಮಪ್ಪ ಹೇಳ್ತಿದ್ದರು" ಎಂದರು. "ಯಾಕೆ ಅಂತ ಇವತ್ತು ಗೊತ್ತಾಯ್ತು."

ಮೊದಲು ನಕ್ಕವರು ಅತ್ತೆಯೇ. "ಚಿತ್ರ ಬಹಳ ಚೆನ್ನಾಗಿದೆ ಸರ್. ಕೂರೋಕೆ ಬುಡ ಒಂದಿಲ್ಲ ಅಷ್ಟೇ. ಎರಡು ವಾರ ಕೊಡಿ, ಅವಳು ಕೂರಿಸ್ತಾಳೆ."

ಎರಡು ವಾರ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಸೊಸೆ ಬರೆಯುವಳು, ರಟ್ಟಿನಲ್ಲಿ ಕತ್ತರಿಸಿ ಅಂಟಿಸುವಳು, ಅತ್ತೆ ಬೀಳಿಸುವರು. ಏಳನೆಯದೂ ಬಿದ್ದಾಗ ಅತ್ತೆ ಪುಟ್ಟಿ ದಿನಾ ಉಣ್ಣುವ ಬಟ್ಟಲನ್ನು ತಂದು ಕಾಗದದ ಮೇಲೆ ಬೋರಲು ಹಾಕಿದರು. "ಮೂರು ವರ್ಷದಿಂದ ಇದನ್ನ ಬೀಳಿಸೋಕೆ ಅವಳು ಮಾಡದ ಸರ್ಕಸ್ ಇಲ್ಲ. ಇದರ ಬುಡ ಅಳತೆ ಮಾಡು." ಸೊಸೆ ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದಳು. ಗಂಡ ಬಾಲ್ಕನಿಯಿಂದ ಒಳಗೆ ಬಂದು ಎತ್ತರಕ್ಕೂ ಅಗಲಕ್ಕೂ ಎಷ್ಟು ಅನುಪಾತವಿರಬೇಕೆಂದು ಲೆಕ್ಕ ಹಾಕಿಕೊಟ್ಟ. ಹೊಸ ಕಪ್ ಕುಳ್ಳಗಿತ್ತು, ಬುಡ ಅಗಲವಾಗಿತ್ತು. ಅದೇ ಕಡು ನೀಲಿ, ಬಿಳಿ ಹಬೆ ಮಾತ್ರ ಮೇಲೇರುವ ಬದಲು ಕಪ್ಪಿನ ಸುತ್ತ ತಬ್ಬಿಕೊಂಡು ಮಲಗಿತ್ತು. ಐವತ್ತು ಸಲದಲ್ಲಿ ಅತ್ತೆಗೆ ಅದನ್ನು ಬೀಳಿಸಲು ಆದದ್ದು ಒಂದು ಸಲ, ಅದೂ ಎರಡೂ ಕೈಯಿಂದ ತಳ್ಳಿ.

ಅದು ಅಂಗಡಿಗೆ ಬಂದು ತಿಂಗಳಾದ ಮೇಲೆ ಒಂದು ಭಾನುವಾರ ಮೂವರೂ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದರು, ಅತ್ತೆ, ಸೊಸೆ, ನಡುವೆ ಪುಟ್ಟಿ. ಎದುರಿನ ಬೆಂಚಿನಲ್ಲಿ ನರ್ಸಿನ ಬಟ್ಟೆ ತೊಟ್ಟ ಹೆಂಗಸೊಬ್ಬಳು ಚಹಾ ಅಂಗಡಿಯಿಂದ ಬಿಸಿನೀರು ಹಾಕಿಸಿಕೊಂಡ ನೀಲಿ ಕಪ್ಪನ್ನು ಪಕ್ಕದಲ್ಲಿಟ್ಟು ಚೀಲದಲ್ಲಿ ಚಮಚ ಹುಡುಕುತ್ತಿದ್ದಳು. ಅವಳ ಮಗಳು ಪಾರಿವಾಳ ನೋಡಲು ಥಟ್ಟನೆ ತಿರುಗಿ ಮೊಣಕಾಲಿನಿಂದ ಕಪ್ಪಿಗೆ ಗುದ್ದಿದಳು. ಕಪ್ ಬೆಂಚಿನುದ್ದಕ್ಕೂ ಒಂದು ಗೇಣು ಜಾರಿತು. ಅಲ್ಲೇ ನಿಂತಿತು.

ನರ್ಸಿಗೆ ಅದು ಗೊತ್ತೂ ಆಗಲಿಲ್ಲ. ಚಮಚ ಸಿಕ್ಕಿತು, ತಿನ್ನತೊಡಗಿದಳು. ಸೊಸೆಗೆ ಮಾತ್ರ ಎದ್ದು ಹೋಗಿ, ನೋಡಿ, ಇದು ಬೀಳದೆ ಇರೋದು ನಮ್ಮತ್ತೆಯಿಂದ ಎಂದು ಆ ಅಪರಿಚಿತಳಿಗೆ ಹೇಳಬೇಕು ಎನ್ನಿಸಿತು. ನಿಲ್ದಾಣದಲ್ಲಿದ್ದವರನ್ನೆಲ್ಲ ಕರೆದು ಹೇಳಿದರೂ ತಪ್ಪಿಲ್ಲ ಎನ್ನಿಸಿತು. ಹೆಮ್ಮೆಯಿಂದ ಅತ್ತೆಯ ಕಡೆ ತಿರುಗಿದಳು.

ಅತ್ತೆ ಕಪ್ಪಿನ ಬುಡವನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಕಿರಿದು ಮಾಡಿ ಬೇರೇನನ್ನೋ ದಿಟ್ಟಿಸುತ್ತಿದ್ದರು.

"ಮುಚ್ಚಳ ನೋಡಿದ್ಯೇನೇ?" ಎಂದರು ಪಿಸುದನಿಯಲ್ಲಿ. "ಹಲ್ಲಿನಿಂದ ಹರಿದಿದ್ದಾಳೆ. ಅರ್ಧ ಅಲ್ಲೇ ಅಂಟಿಕೊಂಡಿದೆ. ತುಟಿಗೆ ಚುಚ್ಚುತ್ತೆ ಅದು. ಮುಚ್ಚಳ ಹಿಡಿದು ಎಳೆಯೋಕೆ ಅಂಚಿಗೆ ಒಂದು ಕಿವಿ ಇಡಬೇಕಿತ್ತು ನೀನು."

ಬಸ್ ಬಂದು ನಿಂತಿತು. ಅತ್ತೆ ಏಳಲಿಲ್ಲ, ಕೈಚೀಲದಲ್ಲಿ ತಡಕಾಡಿ ನೀಲಿ ರಟ್ಟಿನ ಪುಸ್ತಕ ಹೊರತೆಗೆದರು. ಪೆನ್ನು ಸಿಗಲಿಲ್ಲ. ಸೊಸೆ ತನ್ನ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು. ಆ ಬಸ್ ಹೋಯಿತು.